ಶ್ರವಣ ಪರೀಕ್ಷೆಗೆ ಮೂರು ಸಲ ಅಲೆದರೂ ಮಗುವಿನ ಕಿವಿ ನೋಡಿದವರಿಲ್ಲ

ಮಾನ್ಯ ಸಂಪಾದಕರೇ,

ನಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ಹುಟ್ಟುವ ಪ್ರತಿಯೊಂದು ಮಗುವಿಗೂ ಶ್ರವಣ ತಪಾಸಣೆ ನಡೆಯುತ್ತಿದೆ ಎಂಬ ಅಧಿಕಾರಿಗಳ ಹೇಳಿಕೆ ಮಂಗಳವಾರದ ನಿಮ್ಮ ಪತ್ರಿಕೆಯಲ್ಲಿ ಪ್ರಕಟವಾಗಿತ್ತು. ಅವರು ಹೇಳಿದ್ದನ್ನು ನಿಮ್ಮ ವರದಿಗಾರರು ಬರೆದಿದ್ದಾರೆ, ತಪ್ಪು ವರದಿಗಾರರದಲ್ಲ. ಆದರೆ ಆ ಸುದ್ದಿ ಬಂದ ಎರಡೇ ದಿನಕ್ಕೆ, ಅಂದರೆ ನಿನ್ನೆ ಗುರುವಾರ, ಅದೇ ಆಸ್ಪತ್ರೆಯಲ್ಲಿ ಮಕ್ಕಳ ತೊಂದರೆಗಳನ್ನು ಬೇಗ ಗುರುತಿಸಲೆಂದೇ ಇರುವ ಜಿಲ್ಲಾ ಕೇಂದ್ರದ (ಡಿಇಐಸಿ) ಕೊಠಡಿಯ ಮುಂದೆ ಹತ್ತು ವಾರದ ಮೊಮ್ಮಗನನ್ನು ಹೆಗಲಿಗೆ ಹಾಕಿಕೊಂಡು ನಾಲ್ಕು ಗಂಟೆ ಕಾದು, ಪರೀಕ್ಷೆಯಾಗದೆ ಮನೆಗೆ ಮರಳಿದ ನನಗೆ ಸುಮ್ಮನೆ ಕೂರಲು ಸಾಧ್ಯವಾಗುತ್ತಿಲ್ಲ.

ಈ ಮಗುವಿಗೆ ಹುಟ್ಟಿದ ಮೂರನೆಯ ದಿನವೇ ಕಾಮಾಲೆ ಏರಿ, ಎಂಟು ದಿನ ಶಿಶುಗಳ ನಿಗಾ ಘಟಕದಲ್ಲಿ ನೀಲಿ ದೀಪದ ಕೆಳಗೆ ಇಟ್ಟಿದ್ದರು. ಕಾಮಾಲೆ ಮಿತಿಮೀರಿದರೆ ಕಿವಿಯಿಂದ ಮಿದುಳಿಗೆ ಹೋಗುವ ನರಕ್ಕೆ ಪೆಟ್ಟಾಗುವ ಸಂಭವವಿದೆಯೆಂದೂ, ಕಿವಿಯೊಳಗೆ ಸಣ್ಣ ಬಿರಡೆಯಂಥದ್ದನ್ನಿಟ್ಟು ನೋಡುವ ಒಎಇ ಪರೀಕ್ಷೆಯಲ್ಲಿ ಆ ದೋಷ ಕಾಣದೆ ಹೋಗಬಹುದೆಂದೂ, ಹೀಗಾಗಿ ತಲೆಗೆ ತಂತಿ ಅಂಟಿಸಿ ಮಾಡುವ 'ಬೇರಾ' ಪರೀಕ್ಷೆಯನ್ನೇ ಮೂರು ತಿಂಗಳು ತುಂಬುವುದರೊಳಗೆ ಮಾಡಿಸಬೇಕೆಂದೂ ಮಕ್ಕಳ ವೈದ್ಯರು ನಮಗೆ ಬಿಡಿಸಿ ಹೇಳಿದ್ದರು. ಅವರ ಮಾತನ್ನು ಕಟ್ಟುನಿಟ್ಟಾಗಿ ಪಾಲಿಸಲು ಹೊರಟವರು ನಾವು. ಮೊದಲ ಸಲ ಹೋದಾಗ ಪರೀಕ್ಷೆ ಮಾಡುವವರು ತರಬೇತಿಗೆ ಹೋಗಿದ್ದರು. ಎರಡನೆಯ ಸಲ ಕರೆಂಟ್ ಇರಲಿಲ್ಲ. ನಿನ್ನೆಯದು ಮೂರನೆಯ ಸಲ.

ಬೇರಾ ಪರೀಕ್ಷೆಗೆ ಮಗು ಗಾಢ ನಿದ್ದೆಯಲ್ಲಿರಬೇಕು. ಬೆಳಗಿನ ಜಾವವೇ ಎಬ್ಬಿಸಿ, ದಾರಿಯಲ್ಲಿ ಮಲಗಲು ಬಿಡದೆ ಕರೆತನ್ನಿ ಎಂದು ಹೇಳಿ ಕಳುಹಿಸಿದ್ದರಿಂದ ನಾಲ್ಕು ಗಂಟೆಗೇ ಮಗುವನ್ನು ಎಬ್ಬಿಸಿ, ಬಸ್ಸಿನಲ್ಲಿ ಅದರ ಕಣ್ಣೆವೆ ಮುಚ್ಚಿದಾಗಲೆಲ್ಲ ಅಂಗಾಲು ತಿಕ್ಕುತ್ತಾ, ಅಳಿಸುತ್ತಾ ಕರೆದೊಯ್ದೆವು. ಬಾಣಂತನ ಇನ್ನೂ ಮುಗಿಯದ ಮಗಳು ತಲೆಗೆ ಬಟ್ಟೆ ಕಟ್ಟಿಕೊಂಡು ಕಾರಿಡಾರಿನ ಸಿಮೆಂಟು ಕಟ್ಟೆಯ ಮೇಲೆ ಕುಳಿತಿದ್ದಳು. ಹತ್ತೂವರೆಗೆ ಮಗು ಹಾಲು ಕುಡಿದು ಚೆನ್ನಾಗಿ ನಿದ್ದೆಹೋಯಿತು. ಈಗಲೇ ಮಾಡಿಬಿಡಿ ಎಂದು ಎರಡು ಸಲ ಒಳಗೆ ಹೋಗಿ ಕೇಳಿಕೊಂಡೆ. ಸರದಿ ಬರಲಿ ಎಂದರು. ಹನ್ನೆರಡೂ ಮುಕ್ಕಾಲಿಗೆ ನಮ್ಮ ಹೆಸರು ಕೂಗುವ ಹೊತ್ತಿಗೆ ಮಗು ಎದ್ದು ಹಸಿದು ಕಿರುಚುತ್ತಿತ್ತು. ಒಳಗೆ ಹೋದ ಮೇಲೆ ತಿಳಿದದ್ದೇನೆಂದರೆ, ಬೇರಾ ಯಂತ್ರ ರಿಪೇರಿಗೆ ಹೋಗಿ ಹದಿನೈದು ದಿನವಾಗಿದೆ! ಈ ಮಾತನ್ನು ಬೆಳಿಗ್ಗೆ ಒಂಬತ್ತಕ್ಕೆ ಚೀಟಿ ಬರೆಯುವಾಗಲೇ ಹೇಳಬಹುದಿತ್ತಲ್ಲವೇ? ಬಾಗಿಲಿಗೆ ಒಂದು ಕಾಗದ ಅಂಟಿಸಲೂ ಅನುದಾನ ಬೇಕೇ? ಮುಂದೇನು ಮಾಡಬೇಕೆಂದು ಕೇಳಿದ್ದಕ್ಕೆ, ಹೆಂಗಸರಿಗೆ ಬಸ್ಸು ಉಚಿತವಲ್ಲವೇ, ಮೈಸೂರಿಗೆ ಹೋಗಿ ಬನ್ನಿ ಎಂಬ ಉತ್ತರ ಬಂತು.

ಮೈಸೂರಿಗೆ ಹೋಗಲು ನಮಗೆ ಬೇಸರವಿಲ್ಲ. ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಅರುವತ್ತರ ದಶಕದಿಂದ ಇದೇ ಕೆಲಸ ಮಾಡಿಕೊಂಡು ಬಂದಿದೆ, ದೇಶದ ಮೂಲೆಮೂಲೆಯಿಂದ ಜನ ಅಲ್ಲಿಗೆ ಬರುತ್ತಾರೆ. ಆದರೆ ಜಿಲ್ಲೆಗೊಂದು ಕೇಂದ್ರ ಇರಲೆಂದಲ್ಲವೇ 2013ರಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಆರಂಭವಾದದ್ದು? ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳಲ್ಲಿ 30 ಬಗೆಯ ತೊಂದರೆಗಳನ್ನು ಬೇಗ ಗುರುತಿಸಿ ಚಿಕಿತ್ಸೆ ಕೊಡಿಸುವುದು ಅದರ ಉದ್ದೇಶ, ಹುಟ್ಟು ಕಿವುಡು ಆ ಪಟ್ಟಿಯಲ್ಲಿಯೇ ಇದೆ.

ನನಗೆ ಅತ್ಯಂತ ನೋವು ತಂದ ಸಂಗತಿಯೇ ಬೇರೆ. ಮನೆಗೆ ಬಂದು ತಾಯಿ ಕಾರ್ಡಿನೊಳಗೆ ಮಡಿಚಿಟ್ಟಿದ್ದ ಬಿಡುಗಡೆ ಚೀಟಿಯನ್ನು ತೆರೆದು ನೋಡಿದರೆ, 'ಶ್ರವಣ ತಪಾಸಣೆ' ಎಂಬ ಸಾಲಿನ ಎದುರು ನೀಲಿ ಶಾಯಿಯಲ್ಲಿ 'ನಾರ್ಮಲ್' ಎಂದು ಬರೆದು ಸಹಿ ಹಾಕಲಾಗಿದೆ. ಆಸ್ಪತ್ರೆಯಲ್ಲಿದ್ದಷ್ಟು ದಿನ ನಾನೋ ನನ್ನ ಮಗಳೋ ಮಗುವಿನ ಬಳಿ ಇದ್ದೇ ಇದ್ದೆವು. ಒಬ್ಬ ದಾದಿ ಒಂದು ಸಲ ತೊಟ್ಟಿಲ ಪಕ್ಕ ಚಪ್ಪಾಳೆ ತಟ್ಟಿ ಹೋದದ್ದನ್ನು ಬಿಟ್ಟರೆ ಯಾವ ಯಂತ್ರವೂ ಈ ಮಗುವಿನ ಕಿವಿಯ ಹತ್ತಿರ ಸುಳಿದಿಲ್ಲ. ಅಂದರೆ ಮಂಗಳವಾರ ನೀವು ಪ್ರಕಟಿಸಿದ ಲೆಕ್ಕದಲ್ಲಿ ನನ್ನ ಮೊಮ್ಮಗನೂ ಸೇರಿದ್ದಾನೆ! ಹೀಗೆ ಇನ್ನೆಷ್ಟು ಮಕ್ಕಳು ಸೇರಿದ್ದಾರೋ! 'ನಾರ್ಮಲ್' ಎಂಬ ಆ ಒಂದು ಪದವನ್ನು ನಂಬಿ ಮನೆಯಲ್ಲಿ ಕುಳಿತ ತಾಯಂದಿರ ಗತಿಯೇನು?

ಇದು ಅವಸರವಿಲ್ಲದ ಕೆಲಸವೆಂದು ಅಧಿಕಾರಿಗಳು ತಿಳಿದಂತಿದೆ. ಒಳಗಿವಿ ತಾನೇ ಹೊರಡಿಸುವ ಸೂಕ್ಷ್ಮ ಸದ್ದನ್ನು ಲಂಡನ್ನಿನ ಡೇವಿಡ್ ಕೆಂಪ್ 1978ರಲ್ಲಿಯೇ ಅಳೆದು ತೋರಿಸಿದರು. ಒಎಇ ಯಂತ್ರ ಹುಟ್ಟಿದ್ದೇ ಅದರಿಂದ, ಮಗು ಉತ್ತರ ಹೇಳಬೇಕಾಗಿಲ್ಲ, ಕೆಲವೇ ನಿಮಿಷ ಸಾಕು. ಅಮೆರಿಕದ ಕೊಲೊರಾಡೊದಲ್ಲಿ ಕ್ರಿಸ್ಟೀನ್ ಯೋಶಿನಾಗ-ಇಟಾನೊ ಮತ್ತು ಸಂಗಡಿಗರು ಶ್ರವಣದೋಷವಿದ್ದ 150 ಮಕ್ಕಳನ್ನು ಅಧ್ಯಯನ ಮಾಡಿ 1998ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಆರು ತಿಂಗಳೊಳಗೆ ದೋಷ ಪತ್ತೆಯಾದ 72 ಮಕ್ಕಳ ಭಾಷೆ ತಡವಾಗಿ ಪತ್ತೆಯಾದ 78 ಮಕ್ಕಳ ಭಾಷೆಗಿಂತ ಸ್ಪಷ್ಟವಾಗಿ ಮುಂದಿತ್ತು. ಮನೆಯ ಸ್ಥಿತಿಗತಿ ಹೇಗೇ ಇರಲಿ, ಮಗು ಮಾತಿನಲ್ಲಿ ಕಲಿಯಲಿ, ಸನ್ನೆಯಲ್ಲಿ ಕಲಿಯಲಿ, ಈ ವ್ಯತ್ಯಾಸ ಉಳಿಯಿತು. ಒಂದು ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ದೋಷ ನಿರ್ಧಾರ, ಆರು ತಿಂಗಳೊಳಗೆ ಚಿಕಿತ್ಸೆ ಎಂಬ ನಿಯಮವನ್ನು ತಜ್ಞರು ಸುಮ್ಮನೆ ಹೇಳುವುದಿಲ್ಲ. ಸಾವಿರ ಶಿಶುಗಳಲ್ಲಿ ಒಂದೆರಡಕ್ಕೆ ಬರುವ ತೊಂದರೆ ಎಂದು ಹಗುರವಾಗಿ ಹೇಳುವವರಿದ್ದಾರೆ. ನಿಗಾ ಘಟಕದಲ್ಲಿದ್ದು ಬಂದ ಮಕ್ಕಳಲ್ಲಿ ಅದು ಇನ್ನೂ ಹೆಚ್ಚು ಎಂಬುದನ್ನು ಅವರು ಹೇಳುವುದಿಲ್ಲ.

ನಾನು 31 ವರ್ಷ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿದವಳು. ಒಂದನೆಯ ತರಗತಿಯ ಒಬ್ಬ ಹುಡುಗಿಯನ್ನು ಎರಡು ವರ್ಷ ಮೊದ್ದು ಎಂದೇ ತಿಳಿದು ಹಿಂದಿನ ಸಾಲಿನಲ್ಲಿ ಕೂರಿಸಿದ್ದೆ. ಕರಿಹಲಗೆಯ ಮೇಲೆ ಬರೆದದ್ದನ್ನು ಅಚ್ಚಿನಂತೆ ನಕಲು ಮಾಡುತ್ತಿದ್ದಳು, ಉಕ್ತಲೇಖನ ಕೊಟ್ಟರೆ ಪಕ್ಕದವಳ ಸ್ಲೇಟನ್ನು ನೋಡುತ್ತಿದ್ದಳು. ನಕಲು ಮಾಡುತ್ತೀಯಾ ಎಂದು ಅವಳ ಕೈಗೆ ಹೊಡೆದದ್ದೂ ಉಂಟು. ಅವಳಿಗೆ ಕಿವಿ ಕೇಳಿಸುವುದಿಲ್ಲವೆಂದು ಗೊತ್ತಾದದ್ದು ಎಂಟನೆಯ ವರ್ಷದಲ್ಲಿ. ಆ ಕಾಲದಲ್ಲಿ ಹಳ್ಳಿಯಲ್ಲಿ ಯಂತ್ರ ಇರಲಿಲ್ಲ, ತಂಡ ಇರಲಿಲ್ಲ. ಈಗ ಎರಡೂ ಇವೆ. ಆದರೆ ನನ್ನ ನಿವೃತ್ತಿಗೆ ಮೊದಲು ಶಾಲೆಗೆ ಬಂದ ಆರೋಗ್ಯ ತಂಡದವರು ಊಟದ ಬಿಡುವಿನಲ್ಲಿ ಬಾಯಿಗೆ ಟಾರ್ಚ್ ಹಿಡಿದು, ತೂಕ ನೋಡಿ, ಅರವತ್ತು ಮಕ್ಕಳ ಫಾರಂ ತುಂಬಿಸಿ ಹೊರಟುಹೋದರು. ಆ ದಿನ ಗೈರುಹಾಜರಾಗಿದ್ದ ನಾಲ್ವರ ಹೆಸರಿನ ಮುಂದೆಯೂ ತಪಾಸಣೆ ಆಗಿದೆ ಎಂದಿತ್ತು. ಅದನ್ನು ತೋರಿಸಿ ಜನಸ್ಪಂದನ ಸಭೆಯಲ್ಲಿ ಅರ್ಜಿ ಕೊಟ್ಟಿದ್ದೆ. 'ಅಗತ್ಯ ಕ್ರಮಕ್ಕಾಗಿ ಸಂಬಂಧಪಟ್ಟವರಿಗೆ ವರ್ಗಾಯಿಸಲಾಗಿದೆ' ಎಂಬ ಎರಡು ಸಾಲಿನ ಉತ್ತರ ಬಂತು. ಆ ಸಂಬಂಧಪಟ್ಟವರು ಯಾರೆಂದು ಇಂದಿಗೂ ನನಗೆ ತಿಳಿದಿಲ್ಲ. ಬಹುಶಃ ನಿನ್ನೆ ನಾನು ನೋಡಬೇಕೆಂದು ಕೇಳಿದಾಗ ಮೀಟಿಂಗಿನಲ್ಲಿದ್ದವರೂ ಅವರೇ.

ಮುಂದಿನ ವಾರ ನಾವು ಮೈಸೂರಿಗೆ ಹೋಗುತ್ತೇವೆ, ನಮ್ಮ ಮಗುವಿನ ಮಟ್ಟಿಗೆ ದಾರಿ ಮಾಡಿಕೊಳ್ಳುತ್ತೇವೆ. ಆದರೆ ನಿನ್ನೆ ಅದೇ ಕಟ್ಟೆಯ ಮೇಲೆ ಇನ್ನೂ ಏಳು ಜನ ತಾಯಂದಿರಿದ್ದರು. ಒಬ್ಬಳು ಕೂಲಿ ಬಿಟ್ಟು ಬಂದಿದ್ದಳು, ಇನ್ನೊಮ್ಮೆ ಬರುವುದಿಲ್ಲ ಎಂದು ಹೇಳಿಯೇ ಹೋದಳು. ಆ ಯಂತ್ರವನ್ನು ತಕ್ಷಣ ತರಿಸಿ ಕೊಡಿ, ಆಗದಿದ್ದರೆ ಬೇರೆ ಯಂತ್ರ ತರಿಸಿ, ಅದೂ ಆಗದಿದ್ದರೆ ಇಲ್ಲ ಎಂಬುದನ್ನಾದರೂ ಬಾಗಿಲ ಮೇಲೆ ಬರೆದು ಹಾಕಿ. ಪರೀಕ್ಷೆ ಮಾಡದೆ 'ನಾರ್ಮಲ್' ಎಂದು ಸಹಿ ಹಾಕಿದವರು ಯಾರೆಂದು ವಿಚಾರಿಸಿ, ಅಂಥ ಚೀಟಿ ಪಡೆದ ಎಲ್ಲ ಮಕ್ಕಳನ್ನೂ ಮತ್ತೆ ಕರೆಸಿ. ಮಂಗಳವಾರ ಹೇಳಿಕೆ ಕೊಟ್ಟ ಅಧಿಕಾರಿಗಳು ಒಂದು ದಿನ ಬೆಳಿಗ್ಗೆ ಒಂಬತ್ತಕ್ಕೆ ಬಂದು, ಹಸಿದ ಕೂಸನ್ನು ಎತ್ತಿಕೊಂಡ ತಾಯಂದಿರ ಪಕ್ಕದಲ್ಲಿ, ಆ ಸಿಮೆಂಟು ಕಟ್ಟೆಯ ಮೇಲೆ ಮಧ್ಯಾಹ್ನದವರೆಗೆ ಕುಳಿತುಕೊಳ್ಳಲಿ.

— ನಿವೃತ್ತ ಶಿಕ್ಷಕಿ