ಗೆಳೆಯನಿಗೊಂದು ಪತ್ರ: ಮಂಕು ಕಾಮೆಂಟ್

ಲೋ ಸೀನ,

ಹಿಂದಿನ ಪತ್ರಕ್ಕೆ ಒಂದು ಹೆಬ್ಬೆರಳು ಕಳಿಸಿ ಸುಮ್ಮನಾದೆ. ಅದಕ್ಕೇ ಈ ಸಲ ಎಲ್ಲರೆದುರು ಬರೆಯುತ್ತಿದ್ದೇನೆ. ನಾಲ್ಕು ಜನ ನೋಡಿದರೆ ಉತ್ತರ ಕೊಡಲೇಬೇಕಾಗುತ್ತದೆ, ಅಲ್ವಾ?

ನಮ್ಮ ಸಾಫ್ಟ್‌ವೇರ್ ಬಳಸುವುದು ಹೇಗೆಂದು ಹೇಳಿಕೊಡುವ ಪುಟಗಳಿವೆಯಲ್ಲ, ಆ ಡಾಕ್ಯುಮೆಂಟೇಶನ್‌ನಲ್ಲಿ ಬರುವ ಕೋಡಿಗೆ ಬಣ್ಣ ಆರಿಸುವ ಕೆಲಸ ನನ್ನ ತಲೆಗೆ ಬಂತು. ಆ ಪುಟಗಳನ್ನು ತಯಾರಿಸುವ ಸ್ಫಿಂಕ್ಸ್ ಅನ್ನುವ ಸಾಧನದಲ್ಲಿ ಅದು ಒಂದೇ ಸಾಲು. ಕೋಡಿಗೆ ಬಣ್ಣ ಹಚ್ಚುವುದು ಪಿಗ್‌ಮೆಂಟ್ಸ್ ಅನ್ನುವ ಇನ್ನೊಂದು ಸಾಧನ; ಸೆಟ್ಟಿಂಗ್ ಫೈಲಿನಲ್ಲಿ ಅದರ ಒಂದು ಸ್ಟೈಲಿನ, ಅಂದರೆ ಬಣ್ಣದ ಜೋಡಣೆಯ, ಹೆಸರು ಬರೆದರೆ ಮುಗೀತು. ಆ ಒಂದು ಸಾಲಿಗೆ ನಮ್ಮಲ್ಲಿ ಕುರುಕ್ಷೇತ್ರವೇ ಆಯಿತು. ಹುಡುಗರಿಗೆ ಮೊನೊಕೈ ಅನ್ನುವ ಸ್ಟೈಲ್ ಬೇಕು: ಕಪ್ಪು ಹಿನ್ನೆಲೆ, ಅದರ ಮೇಲೆ ಝಗಮಗಿಸುವ ಬಣ್ಣ. ನನಗೆ ಸೋಲರೈಸ್ಡ್. ಈಥನ್ ಶೂನೋವರ್ 2011ರಲ್ಲಿ ಹೊರಬಿಟ್ಟ ಆ 16 ಬಣ್ಣಗಳ ಮೇಲೆ ನನಗಿರುವ ಮೋಹ ನಿನಗೆ ಗೊತ್ತು. (ಹಳದಿ ಶರ್ಟಿನ ವಿಷಯ ಇಲ್ಲಿ ಬೇಡ.)

ಆದರೆ ನಾವು ಕೋಡ್ ಬರೆಯುವ ಎಡಿಟರ್ ಬೇರೆ, ಇದು ಬೇರೆ ಕಣೋ. ಎಡಿಟರಿನಲ್ಲಿ ಹಿಡಿಸದಿದ್ದರೆ ಬದಲಿಸಿಕೊಳ್ಳುತ್ತೇವೆ. ಡಾಕ್ಯುಮೆಂಟೇಶನ್ ಓದುವವನಿಗೆ ನಾವು ಬಡಿಸಿದ್ದೇ ಊಟ. ಉದಾಹರಣೆಯ ಕೋಡಿನಲ್ಲಿ ಅವನು ಮೊದಲು ಹುಡುಕುವುದೇ ಕಾಮೆಂಟ್, ಅಂದರೆ ಕೋಡಿನ ನಡುವೆ ಮನುಷ್ಯರಿಗಾಗಿ ಬರೆದ ಟಿಪ್ಪಣಿ: 'ಇಲ್ಲಿ ನಿಮ್ಮ ಪಾಸ್‌ವರ್ಡ್ ಹಾಕಿ', 'ಈ ಸಾಲು ಅಳಿಸಬೇಡಿ'. ಅದನ್ನೇ ಬೂದು ಬಣ್ಣ ಬಳಿದು, ಓರೆ ಮಾಡಿ ಮೂಲೆಗೆ ತಳ್ಳುತ್ತೇವೆ. ಕನ್ನಡದ ಕಾಮೆಂಟಾದರೆ ಇನ್ನೂ ಚೆಂದ! ನಮ್ಮ ಬಹಳಷ್ಟು ಫಾಂಟುಗಳಿಗೆ ಇಟ್ಯಾಲಿಕ್ ಇಲ್ಲ. ಬ್ರೌಸರ್ ತಾನೇ ಅಕ್ಷರಗಳನ್ನು ಹಿಡಿದು ವಾಲಿಸುತ್ತದೆ. 'ಪ್ರಾರಂಭ'ದ ಒತ್ತಕ್ಷರ ಯಾರದು ಅಂತ ಹುಡುಕಬೇಕು.

ಅಳೆದು ನೋಡಿದೆ. ಮಾಮೂಲಿ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರಷ್ಟು ಕಾಂಟ್ರಾಸ್ಟ್ ಇರಬೇಕು ಅನ್ನುವುದು ಡಬ್ಲ್ಯುಸಿಎಜಿ ನಿಯಮ. (ವೆಬ್ ಪುಟ ಎಲ್ಲರಿಗೂ ಓದಲು ಬರಲಿ ಅಂತ ಮಾಡಿದ ಮಾರ್ಗಸೂಚಿ ಅದು.) ನನ್ನ ಪ್ರೀತಿಯ ಸೋಲರೈಸ್ಡ್‌ನ ತಿಳಿ ಹಿನ್ನೆಲೆಯ ರೂಪ, ಸೋಲರೈಸ್ಡ್ ಲೈಟ್‌ನ ಕಾಮೆಂಟಿಗೆ ಸಿಕ್ಕಿದ್ದು ಸುಮಾರು 2.5.

ಬೇಜಾರಾಗಬೇಕಿತ್ತು. ನನಗೆ ಹಾಯ್ ಅನ್ನಿಸಿತು. ಯಾಕೆ ಅಂದರೆ, ಈಚೆಗೆ ನನಗೆ ಕಾಮೆಂಟ್ ಕಾಣುತ್ತಿಲ್ಲ ಕಣೋ. ಪಕ್ಕದಲ್ಲಿ ಯಾರೂ ಇಲ್ಲದಾಗ ಕಂಟ್ರೋಲ್ ಪ್ಲಸ್ ಒತ್ತಿ ಅಕ್ಷರ ದೊಡ್ಡದು ಮಾಡಿಕೊಳ್ಳುತ್ತೇನೆ. ಯಾರಾದರೂ ಬಂದರೆ ಕಂಟ್ರೋಲ್ ಸೊನ್ನೆ, ಮತ್ತೆ ಮಾಮೂಲಿ ಗಾತ್ರ. ಕನ್ನಡಕದ ಚೀಟಿ ಪರ್ಸಿನಲ್ಲಿದೆ, ಮನೆಯಲ್ಲೂ ಹೇಳಿಲ್ಲ. ಮೀಟಿಂಗಿನಲ್ಲಿ "ಓದುಗರಿಗೆ ಕಷ್ಟವಾಗುತ್ತೆ" ಅಂತ ಮೇಜು ಕುಟ್ಟಿದೆನಲ್ಲ, ಆ ಓದುಗ ನಾನೇ. ಕಣ್ಣಿಗಾದರೆ ಕನ್ನಡಕ ಇದೆ. ಈ ಹುಡುಗರ ಜೊತೆ ಇನ್ನೆಷ್ಟು ವರ್ಷ ಓಡಬಲ್ಲೆ ಅನ್ನುವುದೇ ರಾತ್ರಿ ತಲೆ ತಿನ್ನುತ್ತದೆ. ನನಗೆ ಬೇರೇನು ಕೆಲಸ ಬರುತ್ತೆ, ಹೇಳು?

ಸಾಕು, ಜಾಸ್ತಿಯಾಯ್ತು. (ಮಿಕ್ಕವರೂ ಓದುತ್ತಿದ್ದೀರಿ ಅಂತ ಗೊತ್ತು. ನಗಬೇಡಿ.) ಕೊನೆಗೆ ಸುಲಭವಾಗಿ ಓದಲೆಂದೇ ಮಾಡಿದ ಸ್ಟೈಲುಗಳಿರುವ ಅಕ್ಸೆಸಿಬಲ್ ಪಿಗ್‌ಮೆಂಟ್ಸ್ ಪ್ಯಾಕೇಜಿನ ಹೈ ಕಾಂಟ್ರಾಸ್ಟ್ ಲೈಟ್ ಹಾಕಿದೆವು. "ಸರ್, ಕಣ್ಣಿಗೆ ಹೊಡೆಯುತ್ತೆ" ಅಂದ ಒಬ್ಬ. ಹೊಡೆಯಲಿ ಬಿಡಪ್ಪ ಅಂದೆ.

ಮನೆಯವಳು ಇದನ್ನು ಓದುವಷ್ಟರಲ್ಲಿ ಕನ್ನಡಕದ ಅಂಗಡಿಗೆ ಹೋಗಿ ಬಂದಿರಬೇಕು. ಶನಿವಾರ ನೀನೂ ಬಾರೋ. ಫ್ರೇಮ್ ಆರಿಸೋಕೆ ನನ್ನೊಬ್ಬನನ್ನೇ ಬಿಟ್ಟರೆ ಏನಾಗುತ್ತೆ ಅಂತ ನಿನಗೆ ಗೊತ್ತಲ್ಲ.

ನಿನ್ನ,
ಮೊನೊಕೈ ವಿರೋಧಿ ಬಣದ ಏಕೈಕ ಸದಸ್ಯ