ಮ್ಯಾಡಿಸನ್‌ನಿಂದ ಅಪ್ಪನಿಗೆ

ಮ್ಯಾಡಿಸನ್, ವಿಸ್ಕಾನ್ಸಿನ್
ಭಾನುವಾರ

ತೀರ್ಥರೂಪು ಅಪ್ಪನವರ ಚರಣಗಳಲ್ಲಿ ಸುಮಾ ಬೇಡುವ ಆಶೀರ್ವಾದಗಳು. ನಾನು ಕ್ಷೇಮ.

ಮಂಜು ಸೈನ್ಯದ ತರಬೇತಿಗೆಂದು ಬೆಳಗಾವಿಗೆ ಹೊರಟಂದಿನಿಂದ ಅಮ್ಮ ಸರಿಯಾಗಿ ಊಟ ಮಾಡುತ್ತಿಲ್ಲ, ಸಕ್ಕರೆ ಕಾಯಿಲೆಯ ಮಾತ್ರೆಯನ್ನೂ ಮರೆಯುತ್ತಾಳೆ ಎಂದು ನೀವು ಬರೆದದ್ದನ್ನು ಓದಿದ ಮೇಲೆ ನನಗೆ ಯಾವ ಕೆಲಸದಲ್ಲೂ ಮನಸ್ಸು ನಿಲ್ಲುತ್ತಿಲ್ಲ. ಮನೆಯಲ್ಲಿ ಉಳಿದವರ ಪಾಡು ಅಮೆರಿಕದಲ್ಲಿ ಕುಳಿತವಳಿಗೆ ಏನು ಗೊತ್ತು ಎಂದು ಅಮ್ಮ ಅಂದಳಂತೆ. ನನಗೆ ಗೊತ್ತಿಲ್ಲದಿರಬಹುದು, ಈ ಊರಿಗೆ ಗೊತ್ತಿದೆ.

1861ರಲ್ಲಿ ಅಮೆರಿಕದ ಉತ್ತರ ಮತ್ತು ದಕ್ಷಿಣದ ರಾಜ್ಯಗಳ ನಡುವೆ ಅಂತರ್ಯುದ್ಧ ಹತ್ತಿಕೊಂಡಾಗ, ಕಾಳಗದಿಂದ ಬಹು ದೂರವಿದ್ದ ಈ ರಾಜ್ಯದಿಂದ ಸುಮಾರು 91,000 ಮಂದಿ ಉತ್ತರದ ಸೈನ್ಯಕ್ಕೆ ಹೋದರು. ನಾನು ದಿನವೂ ದಾಟಿ ಹೋಗುವ ಕ್ಯಾಂಪ್ ರಾಂಡಲ್‌ನಲ್ಲಿ ಅವರ ಪೈಕಿ 70,000ದಷ್ಟು ಜನ ಕವಾಯತು ಕಲಿತರು. ಈಗ ಅಲ್ಲೊಂದು ಫುಟ್‌ಬಾಲ್ ಕ್ರೀಡಾಂಗಣವಿದೆ. ಚೆಂಡನ್ನು ಕೈಯಲ್ಲೇ ಹೊತ್ತು ಓಡುವ ಆಟಕ್ಕೆ ಇವರು ಹಾಗೆನ್ನುತ್ತಾರೆ. ಎಂಟನೆಯ ರೆಜಿಮೆಂಟು ಓಲ್ಡ್ ಏಬ್ ಎಂಬ ಬಿಳಿತಲೆಯ ಗರುಡನನ್ನು ಕೋಲಿನ ಮೇಲೆ ಕೂರಿಸಿಕೊಂಡು ಯುದ್ಧಕ್ಕೆ ಹೋಯಿತು. ಅದು ಜೀವಂತ ಮರಳಿ, 1881ರವರೆಗೆ ಬಾಳಿತು. ಅಜ್ಜಿಗೆ ಹೇಳಿ, ಕೈಮುಗಿದಾರು.

ಗಂಡಸರು ಹೋದ ಮೇಲೆ ಹೊಲಮನೆಯ ಭಾರವೆಲ್ಲ ಹೆಂಗಸರ ಮೇಲೆ ಬಿತ್ತು. ಸೈನಿಕನ ಕುಟುಂಬಕ್ಕೆ ರಾಜ್ಯವು ತಿಂಗಳಿಗೆ 5 ಡಾಲರ್ ಗೊತ್ತುಮಾಡಿತ್ತು. 1862ರ ಏಪ್ರಿಲ್‌ನಲ್ಲಿ, ಶೈಲೋ ಕದನದ ಗಾಯಾಳುಗಳನ್ನು ನೋಡಲು ಟೆನ್ನೆಸ್ಸಿಗೆ ಹೋಗಿದ್ದ ಈ ರಾಜ್ಯದ ಗವರ್ನರ್ ಲೂಯಿ ಹಾರ್ವಿ ಒಂದು ದೋಣಿಯಿಂದ ಇನ್ನೊಂದಕ್ಕೆ ದಾಟುವಾಗ ಕಾಲು ಜಾರಿ ನದಿಯ ಪಾಲಾದರು. ಅವರ ಪತ್ನಿ ಕಾರ್ಡೀಲಿಯಾ ಮನೆಯಲ್ಲಿ ಅಳುತ್ತ ಕೂರದೆ ದಕ್ಷಿಣದಲ್ಲಿದ್ದ ಉತ್ತರದವರ ಸೈನಿಕ ಆಸ್ಪತ್ರೆಗಳನ್ನು ಸುತ್ತಿದರು. ನಮ್ಮ ಹುಡುಗರು ತಮ್ಮ ಸೀಮೆಯ ತಂಪು ಗಾಳಿಯಲ್ಲಿ ಬೇಗ ಗುಣವಾಗುತ್ತಾರೆಂದು ಅಧ್ಯಕ್ಷ ಲಿಂಕನ್ನರ ಎದುರೇ ವಾದಿಸಿ, ಇದೇ ಊರಿಗೆ ಆಸ್ಪತ್ರೆ ತಂದರು. ಇದನ್ನು ಅಮ್ಮನಿಗೆ ತಪ್ಪದೆ ಓದಿ ಹೇಳಿ. ಈ ರಾಜ್ಯದ 12,000ಕ್ಕೂ ಹೆಚ್ಚು ಸೈನಿಕರು ಮರಳಲಿಲ್ಲ, ಅವರಲ್ಲಿ ಬಹುಪಾಲು ಗುಂಡಿಗಲ್ಲ, ರೋಗಕ್ಕೆ ಬಲಿಯಾದವರು. ಈ ಸಾಲನ್ನು ಮಾತ್ರ ಬಿಟ್ಟುಬಿಡಿ.

ಕಳೆದ ವಾರ ಫಾರೆಸ್ಟ್ ಹಿಲ್ ಸ್ಮಶಾನಕ್ಕೆ ಹೋಗಿದ್ದೆ. ಸೆರೆಯಾಗಿ ಬಂದು ಕ್ಯಾಂಪ್ ರಾಂಡಲ್‌ನಲ್ಲೇ ತೀರಿಕೊಂಡ ದಕ್ಷಿಣದ ಸೈನಿಕರ ಸುಮಾರು 140 ಸಮಾಧಿಗಳು ಅಲ್ಲಿವೆ. ಯುದ್ಧ ಮುಗಿದ ಮೇಲೆ ದಕ್ಷಿಣದಿಂದ ಬಂದು ನೆಲೆಸಿದ ಆಲಿಸ್ ವಾಟರ್‌ಮನ್ ಎಂಬಾಕೆ ಅವರನ್ನು ತನ್ನ ಹುಡುಗರೆಂದೇ ಕರೆದು, ಆ ಸಮಾಧಿಗಳನ್ನು ವರ್ಷಗಟ್ಟಲೆ ನೋಡಿಕೊಂಡು, 1897ರಲ್ಲಿ ಅವರ ಮಗ್ಗುಲಲ್ಲೇ ಮಣ್ಣಾದಳು. ಅಲ್ಲಿ ನನಗೆ ಅಮ್ಮನದೇ ನೆನಪಾಯಿತು. ಏಕೆಂದು ಕೇಳಬೇಡಿ.

ಮಂಜು ಹೋಗಿರುವುದು ಯುದ್ಧಕ್ಕಲ್ಲ, ತರಬೇತಿಗೆ. ಅರಸೀಕೆರೆಯಲ್ಲಿ ರಾತ್ರಿ ರೈಲು ಹತ್ತಿದರೆ ಬೆಳಿಗ್ಗೆ ಬೆಳಗಾವಿ. ಅವನಿಗೆ ಏನೂ ಆಗುವುದಿಲ್ಲ, ಖಂಡಿತ ಏನೂ ಆಗುವುದಿಲ್ಲ. ನನಗೂ ಇಲ್ಲಿ ಯಾವ ತೊಂದರೆಯೂ ಇಲ್ಲ, ಚಳಿಯಂತೂ ಇಲ್ಲವೇ ಇಲ್ಲವೆನ್ನಬಹುದು. ಅಮ್ಮ ಮಾತ್ರೆ ನುಂಗಿದಳೋ ಇಲ್ಲವೋ ದಿನವೂ ನೀವೇ ನಿಂತು ನೋಡಿ, ರಕ್ತಪರೀಕ್ಷೆ ಮಾಡಿಸಿ ಬರೆಯಿರಿ. ಬಸ್ಸಿಗೆ ಹೊತ್ತಾಯಿತು.

ಇತಿ ನಿಮ್ಮ ಮಗಳು,
ಸುಮಾ