ತಡವಾಗಿ ಕೊಯ್ದ ದ್ರಾಕ್ಷಿ

ನಮ್ಮ ಕನ್ನಡಿಗರ ಸುದ್ದಿಪತ್ರದ ಈ ಸಂಚಿಕೆ ಹತ್ತು ದಿನ ತಡ. ಗೊತ್ತು, ಬೈಯಬೇಡಿ. ಈಗ ರಾತ್ರಿ ಹನ್ನೊಂದೂವರೆ, ಬೆಳಿಗ್ಗೆಯೊಳಗೆ ನಿಮಗೆಲ್ಲ ಕಳಿಸಬೇಕು. ಶುಕ್ರವಾರ ಅಪ್ಪನನ್ನು ಫ್ರಾಂಕ್‌ಫರ್ಟ್ ಏರ್‌ಪೋರ್ಟಿಗೆ ಬಿಟ್ಟು ಬಂದೆ. ಆಮೇಲೆ ಎರಡು ದಿನ ಬರೆಯೋಕೆ ಕೈ ಓಡಲಿಲ್ಲ. ಊರಿಂದ ಬಂದವರು ವಾಪಸ್ ಹೋದ ಮೇಲೆ ಮನೆ ಹೇಗಿರುತ್ತೆ ಅಂತ ನಿಮಗೆ ಹೇಳಬೇಕಾ?

ತಡಕ್ಕೆ ಈ ಜರ್ಮನಿಯಲ್ಲೇ ಒಂದು ನೆಪ ಸಿಕ್ಕಿದೆ. ರೈನ್‌ಗೌ ಸೀಮೆಯ ಶ್ಲಾಸ್ ಯೊಹಾನಿಸ್‌ಬರ್ಗ್ ಅನ್ನೋ ದ್ರಾಕ್ಷಿ ತೋಟದಲ್ಲಿ ಒಬ್ಬ ಕುದುರೆ ಸವಾರನ ಪ್ರತಿಮೆ ಇದೆ. ಆ ತೋಟ ಆಗ ಫುಲ್ಡಾದ ಧರ್ಮಗುರುಗಳದ್ದು. ದ್ರಾಕ್ಷಿ ಕೊಯ್ಯೋಕೆ ಅಲ್ಲಿಂದ ಅಪ್ಪಣೆ ಬರಬೇಕಿತ್ತು. 1775ರಲ್ಲಿ ಅದನ್ನು ತರುವ ಸವಾರ ತಡಮಾಡಿದ, ಹಣ್ಣು ಬಳ್ಳಿಯಲ್ಲೇ ಕೊಳೆಯತೊಡಗಿತು, ಆದರೂ ವೈನ್ ಅದ್ಭುತವಾಯಿತು ಅಂತ ಕಥೆ. ಬಾಟಲಿ ಮೇಲೆ ನೋಡುತ್ತೀರಲ್ಲ, ‘ಸ್ಪೇಟ್‌ಲೇಸೆ’, ಅಂದರೆ ತಡವಾದ ಕೊಯ್ಲು. ಸುದ್ದಿಪತ್ರವನ್ನೂ ಹಾಗೇ ಅಂದುಕೊಳ್ಳಿ.

ಅಪ್ಪನಿಗೆ ಈ ಕಥೆ ಅಷ್ಟೇನೂ ಹಿಡಿಸಲಿಲ್ಲ. "ಕೊಳೆತಿದ್ದನ್ನ ನಾವಾದ್ರೆ ತಿಪ್ಪೆಗೆ ಹಾಕ್ತಿದ್ವಿ" ಅಂದರು. ಚಿಕ್ಕಬಳ್ಳಾಪುರದ ಹತ್ತಿರ ಇಪ್ಪತ್ತೆಂಟು ವರ್ಷ ಬೆಂಗಳೂರು ಬ್ಲೂ ದ್ರಾಕ್ಷಿ ಬೆಳೆದವರು, ವೈನ್ ಮಾತ್ರ ಮುಟ್ಟಿದವರಲ್ಲ. ಮರುದಿನ ಮೋಸೆಲ್ ನದಿ ಕಡೆ ಹೋದೆವು. ಬೆರ್ನ್‌ಕಾಸ್ಟೆಲ್ ದಾಟಿ ಸ್ವಲ್ಪ ದೂರದಲ್ಲಿ ಕಾರು ನಿಲ್ಲಿಸಿದರೆ ಅಪ್ಪ ತಲೆ ಎತ್ತಿ ಗುಡ್ಡ ನೋಡುತ್ತಾ ನಿಂತುಬಿಟ್ಟರು. "ಚಪ್ಪರ ಎಲ್ಲಿ?" ಚಪ್ಪರ ಇಲ್ಲ. ಒಂದೊಂದು ಬಳ್ಳಿಗೆ ಒಂದೊಂದು ಗೂಟ. ಏಣಿ ಒರಗಿಸಿದಂಥ ಇಳಿಜಾರು. ಮಣ್ಣು ಕಾಣೋದೇ ಇಲ್ಲ, ಬರೀ ಕಪ್ಪು ಕಲ್ಲಿನ ಚೂರು.

ವೈನ್ ಮನೆಯ ಅಜ್ಜಿ ಮೂರು ಗ್ಲಾಸ್ ಇಟ್ಟರು. ನಾನು ಡ್ರೈವರ್, ಬಾಯಲ್ಲಾಡಿಸಿ ಪಕ್ಕದ ಪಾತ್ರೆಗೆ ಉಗುಳಿದೆ. ಮಗಳಿಗೆ ದ್ರಾಕ್ಷಿ ರಸ. ಮೊದಲನೆಯದು ಸಿಹಿ ಇಲ್ಲದ ರೀಸ್ಲಿಂಗ್, ಇಲ್ಲಿನ ಬಿಳಿ ದ್ರಾಕ್ಷಿಯ ವೈನ್. ಅಪ್ಪ ಹುಣಸೆಕಾಯಿ ಕಚ್ಚಿದ ಮುಖ ಮಾಡಿದರು. ಎರಡನೆಯದು ಕಬಿನೆಟ್, ಅಂದರೆ ಹಗುರವಾದ ರೀಸ್ಲಿಂಗ್. ಚಪ್ಪರಿಸಿ, ಸ್ವಲ್ಪ ಹೊತ್ತು ಬಿಟ್ಟು, "ನೆಲ್ಲಿಕಾಯಿ ತಿಂದು ನೀರು ಕುಡಿದ ಹಾಗಿದೆ" ಅಂದರು. ಇದನ್ನ ಜರ್ಮನ್‌ಗೆ ತರೋಕೆ ಹೋಗಿ ಸೋತೆ. ಮೂರನೆಯದು ಹಳೇ ಬಾಟಲಿ. ಮೂಸಿದವರೇ "ಅಯ್ಯೋ, ಸೀಮೆಎಣ್ಣೆ!" ಅಂದರು. ಹೇಳಲೋ ಬೇಡವೋ ಅಂತ ಹೇಳಿದರೆ ಅಜ್ಜಿ ಹಿಗ್ಗಿಹೋದರು. ರೀಸ್ಲಿಂಗ್ ಹಳೆಯದಾದರೆ ಆ ವಾಸನೆ ಬರುತ್ತಂತೆ, ಬಲ್ಲವರು ಅದನ್ನೇ ಹುಡುಕುತ್ತಾರಂತೆ.

ಇಲ್ಲಿ ವರ್ಷಕ್ಕೆ ಒಂದೇ ಬೆಳೆ ಅಂತ ಕೇಳಿ ಅಪ್ಪನಿಗೆ ಅಜ್ಜಿ ಮೇಲೆ ಕರುಣೆ ಬಂತು. "ನಾವು ಎರಡು ಸಲ ಸವರಿ ಎರಡು ಬೆಳೆ ತೆಗೀತಿದ್ವಿ ಅಂತ ಹೇಳು." ಹೇಳಿದೆ. ಅಜ್ಜಿ ಹೊರಗೆ ಕರೆದುಕೊಂಡು ಹೋಗಿ ಒಂದು ಕಲ್ಲು ಅಪ್ಪನ ಕೈಗಿಟ್ಟರು. ಹಗಲು ಬಿಸಿಲು ಹೀರಿಕೊಂಡು ರಾತ್ರಿ ಬಳ್ಳಿಗೆ ಬಿಸಿ ಕೊಡೋದು ಈ ಕಲ್ಲೇ, ಇದಿಲ್ಲದಿದ್ದರೆ ಈ ಚಳಿಯಲ್ಲಿ ಹಣ್ಣಾಗೋದು ಕಷ್ಟ ಅಂದರು. ಅಪ್ಪ ಕಲ್ಲು ತಿರುಗಿಸಿ ನೋಡಿ, "ಏ, ಇದು ಸ್ಲೇಟು ಕಣೋ!" ಅಂತ ಇನ್ನೊಂದು ಚೂರಿನಿಂದ ದಪ್ಪಗೆ ‘ಅ’ ಗೀಚಿದರು. ಬಿಳಿ ಗೆರೆ ಚೆನ್ನಾಗೇ ಮೂಡಿತು.

"ತಾತ, ಇದನ್ನ ಸೇವ್ ಮಾಡೋದು ಹೇಗೆ?" ಅಂದಳು ಮಗಳು.

"ಸೇವೂ ಇಲ್ಲ ಏನೂ ಇಲ್ಲ. ಉಗುಳಿ ಒರೆಸೋದು ಅಷ್ಟೇ."

ಅವಳು ನನ್ನ ಉಗುಳು ಪಾತ್ರೆ ಕಡೆ ತಿರುಗಿ ನೋಡಿದಳು.

ಆ ಕಲ್ಲು ಈಗ ಲ್ಯಾಪ್‌ಟಾಪ್ ಪಕ್ಕದಲ್ಲಿದೆ. ‘ಅ’ ಕೆಳಗೆ ಅವಳೂ ಒಂದು ‘ಆ’ ಬರೆದಿದ್ದಾಳೆ, ಬಾಲ ಉಲ್ಟಾ.

ಸರಿ, ಬೇಗ ಬೇಗ: ರಾಜ್ಯೋತ್ಸವ ನವೆಂಬರ್ ಎರಡನೇ ಶನಿವಾರ, ಮಧ್ಯಾಹ್ನ 3ಕ್ಕೆ, ಹೋದ ವರ್ಷದ ಹಾಲ್‌ನಲ್ಲೇ. ಬಿಸಿಬೇಳೆಬಾತ್‌ಗೆ ತಲೆ ಲೆಕ್ಕ ಈ ಭಾನುವಾರದೊಳಗೆ ಕೊಡಿ, ಆಮೇಲೆ ಸಾಲದು ಅಂತ ನನ್ನ ಬೈಯಬೇಡಿ. ಮಕ್ಕಳ ನಾಡಗೀತೆ ಪ್ರಾಕ್ಟೀಸ್ ಶನಿವಾರ ಬೆಳಿಗ್ಗೆ. ಕನ್ನಡ ತರಗತಿಯ ಇಬ್ಬರು ಟೀಚರ್‌ಗಳಲ್ಲಿ ಒಬ್ಬರು ಮ್ಯೂನಿಕ್‌ಗೆ ಹೋಗುತ್ತಿದ್ದಾರೆ. ವಾರಕ್ಕೆ ಒಂದು ಗಂಟೆ ಕೊಡುವವರು ಯಾರಾದರೂ ಇದ್ದೀರಾ? ವ್ಯಾಕರಣ ಬರದಿದ್ದರೂ ನಡೆಯುತ್ತೆ. ಈ ಪತ್ರಿಕೆಯ ಪುಟ ಕಟ್ಟೋಕೂ ಒಬ್ಬರು ಬೇಕು. ಮೂರು ವರ್ಷದಿಂದ ಒಬ್ಬನೇ ಮಾಡುತ್ತಿದ್ದೇನೆ, ನಿಜವಾಗ್ಲೂ ಆಗ್ತಿಲ್ಲ.

ಮತ್ತೆ, ಗಣೇಶನ ಹಬ್ಬದಲ್ಲಿ ಬಿಟ್ಟುಹೋದ ಎರಡು ಕುಕ್ಕರ್ ಮುಚ್ಚಳ ಇನ್ನೂ ನಮ್ಮ ಮನೆಯಲ್ಲೇ ಇವೆ.